ರಿಮೋಟ್ ಒತ್ತಿದರೆ ಧಾರವಾಡ ಮರೆಯಾಗುತ್ತಿತ್ತು

ಶಿರಸಿಯಿಂದ ಒಳಗಿರುವ ನಮ್ಮ ಊರಿನಲ್ಲಿ ಅಡಿಕೆ ಸುಲಿಯುವ ದಿನಗಳು ಬಂದವೆಂದರೆ ರಾತ್ರಿ ಊಟದ ತನಕ, ಕೆಲವು ದಿನ ಊಟದ ನಂತರವೂ, ಜಗುಲಿಯಲ್ಲಿ ಮೆಟ್ಟುಗತ್ತಿಗಳ ಸಾಲು ಇರುತ್ತದೆ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರುವಾಗ ಕಿವಿಗೂ ಏನಾದರೂ ಬೇಕಾಗುತ್ತದೆ. ಅದನ್ನು ನಮ್ಮ ಮನೆಯಲ್ಲಿ ಇಷ್ಟು ವರ್ಷ ಒದಗಿಸಿದ್ದು ಆಯಿಯ ರೇಡಿಯೋ, ಮತ್ತು ಆ ರೇಡಿಯೋದಲ್ಲಿ 765 ಕಿಲೋಹರ್ಟ್ಸ್‌ನ ಧಾರವಾಡ. 1950ರಲ್ಲಿ ಆರಂಭವಾದ ಆ ನಿಲಯದ ಹೆಸರು ನಮ್ಮ ಮನೆಯಲ್ಲಿ ರೇಡಿಯೋಕ್ಕೇ ಅಂಟಿಕೊಂಡುಬಿಟ್ಟಿದೆ. ‘ಧಾರವಾಡ ಹಾಕು’ ಎಂದರೆ ರೇಡಿಯೋ ಹಾಕು ಎಂದು ಅರ್ಥ. ಕಾರವಾರ ಆಕಾಶವಾಣಿಯ 102.3 ಮೆಗಾಹರ್ಟ್ಸ್‌ನ ಎಫ್‌ಎಂ ಘಟ್ಟದ ಕೆಳಗೆ ಚೆನ್ನಾಗಿ ಸಿಗುತ್ತದೆ, ಆದರೆ ಗುಡ್ಡಗಳ ಮರೆಯಲ್ಲಿರುವ ನಮ್ಮ ಮನೆಗೆ ಅದು ಒಮ್ಮೆ ಬಂದಂತೆ ಇನ್ನೊಮ್ಮೆ ಬರುವುದಿಲ್ಲ. ಮೀಡಿಯಂ ವೇವ್ ಹಾಗಲ್ಲ. ನೆಲವನ್ನು ಹಿಡಿದುಕೊಂಡು ಬರುವ ಅದರ ತರಂಗಕ್ಕೆ ನಮ್ಮ ಗುಡ್ಡಗಳು ದೊಡ್ಡ ತಡೆಯಾಗುವುದಿಲ್ಲ.

ತೊಂದರೆ ಆರಂಭವಾದದ್ದು ಹೊಸ ಟಿವಿ ಬಂದ ವರ್ಷ. ಒಳಜಗುಲಿಯ ಗೋಡೆಗೆ ಅದನ್ನು ತೂಗುಹಾಕಿದೆವು; ಅದೇ ಗೋಡೆಯ ಆಚೆ ಬದಿಯ ಗೂಡಿನಲ್ಲಿ ರೇಡಿಯೋ ಇತ್ತು. ನಾನು ಕೆಲಸದ ನಿಮಿತ್ತ ಕಾರವಾರದಲ್ಲಿರುವವನು, ವಾರದ ಕೊನೆಗೆ ದೇವಿಮನೆ ಘಟ್ಟ ಹತ್ತಿ ಊರಿಗೆ ಬರುತ್ತೇನೆ. ಹಾಗೆ ಬಂದ ಒಂದು ಶನಿವಾರ ಅಣ್ಣನ ಮಗಳು ರಿಮೋಟ್ ಹಿಡಿದು ಕೆಂಪು ಗುಂಡಿ ಒತ್ತಿದ ಕ್ಷಣವೇ ಹೊರಗಿನ ರೇಡಿಯೋದಲ್ಲಿ ನಡೆಯುತ್ತಿದ್ದ ತಾಳಮದ್ದಲೆ ಗೊರಗೊರ ಸದ್ದಿನಲ್ಲಿ ಮುಳುಗಿಹೋಯಿತು. ಅವಳು ಮತ್ತೆ ಒತ್ತಿದಳು, ಟಿವಿ ಆರಿತು, ಅರ್ಥಧಾರಿಯ ಮಾತು ನಡುವಿನಿಂದ ಕೇಳಿಸತೊಡಗಿತು. ‘ಕೂಸೇ, ಆ ರಿಮೋಟ್ ಮುಟ್ಟಡ, ಧಾರವಾಡ ಹೋತು’ ಎಂದು ಆಯಿ ಜಗುಲಿಯಿಂದಲೇ ಕೂಗಿದರು. ಆಯಿಯ ತೀರ್ಮಾನ ಸರಳವಾಗಿತ್ತು: ರಿಮೋಟ್ ಒತ್ತಿದಾಗ ಸದ್ದು ಬರುತ್ತದೆ, ಆದ್ದರಿಂದ ರಿಮೋಟೇ ಸದ್ದು ಮಾಡುತ್ತದೆ. ಅಂದು ನನಗೂ ಹಾಗೆಯೇ ಅನ್ನಿಸಿತ್ತು. ರಿಮೋಟಿನಿಂದ ರೇಡಿಯೋಕ್ಕೆ ಏನೋ ಹಾರಿಬರುತ್ತಿದೆ, ಅದನ್ನು ತಡೆದರೆ ಸಾಕು ಎಂದುಕೊಂಡು ರಿಮೋಟಿನ ಹಿಂಭಾಗಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿ ನೋಡಿದೆ. ಏನೂ ವ್ಯತ್ಯಾಸವಾಗಲಿಲ್ಲ.

ಆಮೇಲೆ ಕುಳಿತು ಯೋಚಿಸಬೇಕಾಯಿತು. ನಮ್ಮಲ್ಲಿರುವಂತಹ ಸಾಮಾನ್ಯ ಟಿವಿ ರಿಮೋಟ್ ರೇಡಿಯೋ ತರಂಗವನ್ನು ಬಳಸುವುದೇ ಇಲ್ಲ. ಅದು ಬಳಸುವುದು ಬೆಳಕನ್ನು. ಅದರ ಮೂತಿಯಲ್ಲಿರುವ ಚಿಕ್ಕ ಎಲ್‌ಇಡಿ ಸುಮಾರು 940 ನ್ಯಾನೋಮೀಟರ್ ಉದ್ದದ ಅಲೆಯ ಅವಕೆಂಪು ಬೆಳಕನ್ನು ಉಗುಳುತ್ತದೆ. 1800ರಲ್ಲಿ ವಿಲಿಯಂ ಹರ್ಷೆಲ್ ಸೂರ್ಯನ ಬೆಳಕನ್ನು ಪಟ್ಟಕದಿಂದ ಬಿಡಿಸಿ, ಕೆಂಪಿನ ಆಚೆಗಿನ ಕತ್ತಲೆಯಲ್ಲಿ ಉಷ್ಣಮಾಪಕವಿಟ್ಟು ಪತ್ತೆಹಚ್ಚಿದ ಬೆಳಕು ಇದೇ ಜಾತಿಯದು. ಕಣ್ಣಿಗೆ ಕಾಣದಿದ್ದರೂ ಮೊಬೈಲ್ ಕ್ಯಾಮೆರಾಕ್ಕೆ, ಅದರಲ್ಲೂ ಮುಂಭಾಗದ ಕ್ಯಾಮೆರಾಕ್ಕೆ, ಸಾಮಾನ್ಯವಾಗಿ ನೇರಳೆ ಮಿಶ್ರಿತ ಬಿಳಿ ಮಿಣುಕಾಗಿ ಕಾಣುತ್ತದೆ. ಧಾರವಾಡದ 765 ಕಿಲೋಹರ್ಟ್ಸ್ ತರಂಗದ ಒಂದು ಅಲೆ ಸುಮಾರು 392 ಮೀಟರ್ ಉದ್ದ, ಅಂದರೆ ನಮ್ಮ ತೋಟದ ಈ ತುದಿಯಿಂದ ಆ ತುದಿಗಿಂತ ಹೆಚ್ಚು. ರಿಮೋಟಿನ ಬೆಳಕಿನ ಅಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಇವೆರಡೂ ಒಂದೇ ಕುಲದ ವಿದ್ಯುತ್ಕಾಂತೀಯ ಅಲೆಗಳು ಎಂಬುದು ನಿಜವಾದರೂ, ಒಂದನ್ನು ಹಿಡಿಯುವ ಸಾಧನಕ್ಕೆ ಇನ್ನೊಂದು ಗೋಚರವೇ ಆಗುವುದಿಲ್ಲ.

ಹಾಗಿದ್ದರೆ ರೇಡಿಯೋ ಗೊರಗುಟ್ಟಿದ್ದು ಏಕೆ? ಇದನ್ನು ಬಿಡಿಸಲು ಒಂದು ಪರೀಕ್ಷೆ ಸಾಕಾಯಿತು, ಮತ್ತು ಈ ಬರಹದಲ್ಲಿ ಬೇರೆ ಏನನ್ನು ಮರೆತರೂ ಇದೊಂದನ್ನು ನೆನಪಿಟ್ಟುಕೊಳ್ಳಬೇಕೆಂದು ಓದುಗರನ್ನು ಕೇಳಿಕೊಳ್ಳುತ್ತೇನೆ. ರಿಮೋಟಿನ ಮೂತಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿ ಗುಂಡಿ ಒತ್ತಿದೆ. ಒಳಗಿನ ವಿದ್ಯುತ್ ಮಂಡಲಕ್ಕೆ ಅಂಗೈ ಅಡ್ಡವಿರುವುದು ಗೊತ್ತಾಗುವುದಿಲ್ಲ. ಅದು ಎಂದಿನಂತೆಯೇ ಕೆಲಸ ಮಾಡಿ ಎಂದಿನಷ್ಟೇ ಬೆಳಕು ಚೆಲ್ಲುತ್ತದೆ. ಆದರೆ ಬೆಳಕು ಟಿವಿಯನ್ನು ಮುಟ್ಟಲಿಲ್ಲ, ಟಿವಿ ಹೊತ್ತಲಿಲ್ಲ, ರೇಡಿಯೋದಲ್ಲಿ ಒಂದು ಚೂರೂ ಸದ್ದು ಬರಲಿಲ್ಲ. ಅನಂತರ ರಿಮೋಟನ್ನು ಕೆಳಗಿಟ್ಟು, ಟಿವಿಯ ತಳಭಾಗದಲ್ಲಿರುವ ಗುಂಡಿಯನ್ನು ಬೆರಳಿನಿಂದ ಒತ್ತಿ ಅದನ್ನು ಚಾಲೂ ಮಾಡಿದೆ. ಗೊರಗೊರ ಮೊದಲಿನಂತೆಯೇ ಬಂತು. ರಿಮೋಟ್ ಬರಿಯ ಓಲೆಕಾರ, ಸದ್ದು ಎಬ್ಬಿಸುತ್ತಿದ್ದದ್ದು ಆ ಓಲೆ ಓದಿ ಎಚ್ಚರಗೊಂಡ ಟಿವಿ.

ಆದರೂ ರಿಮೋಟ್ ಪೂರ್ತಿ ಮೌನಿ ಎನ್ನುವಂತಿಲ್ಲ. ಅದನ್ನು ರೇಡಿಯೋದ ಬೆನ್ನಿಗೆ ತಾಗಿಸಿ ಗುಂಡಿ ಒತ್ತಿದರೆ ‘ಟರ್ರ್ ಟರ್ರ್’ ಎಂಬ ಸ್ಪಷ್ಟ ಸದ್ದು ಕೇಳುತ್ತದೆ, ಮತ್ತು ಇದರ ಕಾರಣ ನನಗೆ ಬಹಳ ಸೊಗಸಾಗಿ ಕಂಡಿತು. ಬಿಸಿಲು, ದೀಪ, ಒಲೆ ಎಲ್ಲವೂ ಅವಕೆಂಪು ಬೆಳಕನ್ನು ಚೆಲ್ಲುವುದರಿಂದ ರಿಮೋಟ್ ತನ್ನ ಬೆಳಕಿಗೆ ಒಂದು ಗುರುತು ಹಚ್ಚಬೇಕಾಗುತ್ತದೆ. ಅದಕ್ಕಾಗಿ ಸೆಕೆಂಡಿಗೆ ಸುಮಾರು 38,000 ಸಲ ಬೆಳಕನ್ನು ಮಿಣುಕಿಸಿ, ಆ ಮಿಣುಕನ್ನು ಮತ್ತೆ ಉದ್ದ ಗಿಡ್ಡ ತುಂಡುಗಳಾಗಿ ಕತ್ತರಿಸಿ ಸಂಕೇತ ಕಳಿಸುತ್ತದೆ. ಈ 38 ಕಿಲೋಹರ್ಟ್ಸನ್ನು ಹುಟ್ಟಿಸಲು ಬಹಳಷ್ಟು ರಿಮೋಟುಗಳಲ್ಲಿ 455 ಕಿಲೋಹರ್ಟ್ಸ್‌ನ ಸೆರಾಮಿಕ್ ರೆಸೊನೇಟರ್ ಒಂದನ್ನು ಇಟ್ಟು, ಅದರ ಕಂಪನವನ್ನು 12ರಿಂದ ಭಾಗಿಸುತ್ತಾರೆ. ನಮ್ಮ ಮೀಡಿಯಂ ವೇವ್ ರೇಡಿಯೋ ಕೂಡ ಯಾವ ನಿಲಯವನ್ನೇ ಹಿಡಿಯಲಿ, ಅದನ್ನು ಒಳಗೆ ಇದೇ 455 ಕಿಲೋಹರ್ಟ್ಸ್‌ಗೆ ಇಳಿಸಿಕೊಂಡು ಹಿಗ್ಗಿಸುತ್ತದೆ. ರೇಡಿಯೋಗಳಿಗಾಗಿಯೇ ಅಗ್ಗವಾಗಿ ತಯಾರಾಗುತ್ತಿದ್ದ ಬಿಡಿಭಾಗಗಳ ಕಂಪನಾಂಕವೇ ರಿಮೋಟಿಗೂ ಬಂದದ್ದರಿಂದ, ತೀರಾ ಹತ್ತಿರಕ್ಕೆ ತಂದಾಗ ಒಂದರ ಪಿಸುಮಾತು ಇನ್ನೊಂದರ ಹೊಟ್ಟೆಯೊಳಕ್ಕೆ ನೇರವಾಗಿ ಹೋಗುತ್ತದೆ. ಆದರೆ ಅಷ್ಟು ಹತ್ತಿರದ ಕಾಂತಕ್ಷೇತ್ರ ದೂರ ಎರಡು ಪಟ್ಟಾದಾಗ ಎಂಟನೇ ಒಂದು ಭಾಗಕ್ಕೆ ಕುಗ್ಗುತ್ತದೆ. ಒಂದು ಮೊಳ ಆಚೆ ಹಿಡಿದರೆ ನನಗೆ ಏನೂ ಕೇಳಿಸಲಿಲ್ಲ. ರಿಮೋಟ್ ಕೆಟ್ಟಿದೆಯೋ ಸೆಲ್ ಮುಗಿದಿದೆಯೋ ನೋಡಲು ಇದೊಂದು ಒಳ್ಳೆಯ ಉಪಾಯವೂ ಹೌದು: ರೇಡಿಯೋದ ಬಳಿ ‘ಟರ್ರ್’ ಎಂದರೆ ಮಂಡಲ ಜೀವಂತವಾಗಿದೆ.

ಟಿವಿಯ ಮೇಲೆ ಅನುಮಾನ ಬಂದ ಮೇಲೆ ಹಿಂದಿನದೊಂದು ಸಂಗತಿ ನೆನಪಾಯಿತು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದ ರಾತ್ರಿಗಳಲ್ಲಿ, ಸೆಲ್ ಹಾಕಿದ ಅದೇ ರೇಡಿಯೋದಲ್ಲಿ ಧಾರವಾಡ ಎಷ್ಟು ತಿಳಿಯಾಗಿ ಕೇಳುತ್ತಿತ್ತೆಂದರೆ ನಿರೂಪಕರು ಕಾಗದ ಮಗುಚುವ ಸದ್ದು ಕೂಡ ಗೊತ್ತಾಗುತ್ತಿತ್ತು. ಮಿಂಚು ಹೊಡೆದಾಗ ಒಂದು ‘ಚಟ್’ ಬಿಟ್ಟರೆ ಬೇರೆ ಗದ್ದಲವಿರಲಿಲ್ಲ. ಇನ್ವರ್ಟರ್ ತಂದ ಮೇಲೆ ಆ ಸುಖ ಹೋಯಿತು, ಆದರೆ ನಾವು ಅದನ್ನು ಮಳೆಯ ತಲೆಗೆ ಕಟ್ಟಿ ಸುಮ್ಮನಾಗಿದ್ದೆವು. ಹೀಗಾಗಿ ಒಂದು ಭಾನುವಾರ ಮಧ್ಯಾಹ್ನ ಎಲ್ಲರ ಒಪ್ಪಿಗೆ ಪಡೆದು, ಇನ್ವರ್ಟರನ್ನೂ ಆರಿಸಿ, ಮೇನ್ ಸ್ವಿಚ್ ಇಳಿಸಿದೆ. ರೇಡಿಯೋ ಸೆಲ್ಲಿನ ಮೇಲೆ ನಡೆಯುತ್ತಿತ್ತು, ಧಾರವಾಡ ಹೆಚ್ಚುಕಡಿಮೆ ಶುದ್ಧವಾಗಿತ್ತು. ಆ ಮೇಲೆ ಮೇನ್ ಏರಿಸಿ, ಒಂದೊಂದೇ ಉಪಕರಣವನ್ನು ಹಚ್ಚುತ್ತಾ ಪ್ರತಿಯೊಂದಕ್ಕೂ ರೇಡಿಯೋ ಏನು ಹೇಳುತ್ತದೆಂದು ಅಣ್ಣನ ಮಗಳು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಫ್ರಿಜ್ ಶುರುವಾಗುವಾಗ ಒಂದು ಸಲ ‘ಟಪ್’, ಅಷ್ಟೇ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಎರಡನೇ ಅಂಕಿಯಲ್ಲಿ ಜೋರು ಝೇಂಕಾರ ಕೊಟ್ಟಿತು, ಐದನೆಯದರಲ್ಲಿ ಏನೂ ಇಲ್ಲ. ಜಗುಲಿಯ ಎರಡು ಎಲ್‌ಇಡಿ ಬಲ್ಬುಗಳಲ್ಲಿ ಒಂದು ಪೂರ್ತಿ ಮೌನ, ಇನ್ನೊಂದು ಅಡಿಕೆ ಸುಲಿಯುವ ಯಂತ್ರದಷ್ಟು ಗದ್ದಲ. ಟಿವಿ ಎಲ್ಲಕ್ಕಿಂತ ಮೇಲು.

ಇಷ್ಟೊಂದು ಸದ್ದು ಎಲ್ಲಿಂದ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಳೆಯ ಕಾಲದ ಉಪಕರಣಗಳಲ್ಲಿ 230 ವೋಲ್ಟನ್ನು ಇಳಿಸಲು ಕಬ್ಬಿಣದ ತಿರುಳಿನ ಭಾರವಾದ ಟ್ರಾನ್ಸ್‌ಫಾರ್ಮರ್ ಇರುತ್ತಿತ್ತು. ಅದು ಸೆಕೆಂಡಿಗೆ 50 ಸಲದ ನಿಧಾನದ ಕಂಪನದಲ್ಲಿ ಕೆಲಸ ಮಾಡುತ್ತಿದ್ದುದರಿಂದ ರೇಡಿಯೋಕ್ಕೆ ತೊಂದರೆ ಕಡಿಮೆ. ಈಗಿನ ಟಿವಿ, ಚಾರ್ಜರ್, ಸೆಟ್‌ಟಾಪ್ ಬಾಕ್ಸ್ ಎಲ್ಲದರಲ್ಲೂ ಎಸ್‌ಎಂಪಿಎಸ್ ಎಂದು ಕರೆಯುವ ಹಗುರವಾದ ಮಂಡಲವಿದೆ. ಅದು ಮನೆಯ ಕರೆಂಟನ್ನು ಮೊದಲು ಸುಮಾರು 325 ವೋಲ್ಟ್‌ನ ನೇರ ವಿದ್ಯುತ್ತಾಗಿ ಮಾಡಿಕೊಂಡು, ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕಡಿದು ಜೋಡಿಸುತ್ತದೆ. ಕಡಿತ ಚೂಪಾದಷ್ಟೂ ಶಕ್ತಿ ಉಳಿಯುತ್ತದೆ, ಮಂಡಲ ಬಿಸಿಯಾಗುವುದಿಲ್ಲ. ಆದರೆ ಚೂಪಾದ ಕಡಿತದಲ್ಲಿ ಮೂಲ ಕಂಪನದ ಎರಡು ಪಟ್ಟು, ಮೂರು ಪಟ್ಟು, ಹತ್ತು ಪಟ್ಟು ಕಂಪನಗಳೂ ಹುಟ್ಟುತ್ತವೆ. ಕಡಿತ 65 ಕಿಲೋಹರ್ಟ್ಸ್‌ನಲ್ಲಿ ನಡೆದರೆ ಅದರ 12ನೇ ಪಟ್ಟು 780ರಲ್ಲಿ ಬೀಳುತ್ತದೆ, ಧಾರವಾಡದ ಪಕ್ಕದ ಮನೆಯೇ ಸರಿ. ಟಿವಿ ಎಳೆಯುವ ಕರೆಂಟ್ ಏರಿಳಿದಂತೆ ಆ ಜಾಗವೂ ಅತ್ತಿತ್ತ ಸರಿಯುತ್ತದೆ. ಈ ಗದ್ದಲ ಟಿವಿಯ ಪೆಟ್ಟಿಗೆಯಿಂದ ಹಾರುವುದಕ್ಕಿಂತ ಹೆಚ್ಚಾಗಿ ವೈರಿನ ಮೂಲಕ ಗೋಡೆಗೆ ಇಳಿದು, ಮನೆಯ ಇಡೀ ವೈರಿಂಗನ್ನೇ ಆಂಟೆನಾ ಮಾಡಿಕೊಳ್ಳುತ್ತದೆ. ಗೋಡೆಯ ಆ ಬದಿಯಲ್ಲಿ ವೈರಿನಿಂದ ಗೇಣು ದೂರದಲ್ಲಿ ರೇಡಿಯೋ ಇಟ್ಟುಕೊಂಡು ಕುಳಿತವರು ನಾವು.

ಇಂತಹ ಗದ್ದಲಕ್ಕೆ ಮಿತಿ ಹಾಕುವ ಪ್ರಯತ್ನ ಹೊಸದಲ್ಲ. ರೇಡಿಯೋ ಕೇಳುಗರಿಗೆ ವಿದ್ಯುತ್ ಉಪಕರಣಗಳಿಂದಾಗುವ ತೊಂದರೆಯನ್ನು ನೋಡಿಕೊಳ್ಳಲೆಂದೇ 1934ರಲ್ಲಿ ಸಿಸ್ಪರ್ ಎಂಬ ಅಂತರರಾಷ್ಟ್ರೀಯ ಸಮಿತಿ ರೂಪುಗೊಂಡಿತು, ಅದರ ಮಿತಿಗಳು ಇಂದಿಗೂ ಬಳಕೆಯಲ್ಲಿವೆ. ಆ ಮಿತಿಗೆ ಒಳಪಟ್ಟ ಉಪಕರಣದ ಬಾಯಲ್ಲಿ ಸುರುಳಿಗಳೂ ಕೆಪಾಸಿಟರುಗಳೂ ಸೇರಿದ ಒಂದು ಸೋಸುಕ ಇರುತ್ತದೆ. ತೀರಾ ಅಗ್ಗದ ಬಲ್ಬುಗಳಲ್ಲಿ ಅದನ್ನೇ ಬಿಟ್ಟುಬಿಡುತ್ತಾರೆ. ನಮ್ಮ ಗದ್ದಲದ ಬಲ್ಬನ್ನು ಅಂದೇ ಕೊಟ್ಟಿಗೆಗೆ ಕಳಿಸಿದೆ, ಅಲ್ಲಿ ಕೇಳುವವರಿಗೆ ರೇಡಿಯೋ ಬೇಡ.

ಟಿವಿಗೆ ಏನು ಮಾಡುವುದು? ಅದರ ಹೊಟ್ಟೆ ಬಿಚ್ಚುವ ಯೋಚನೆಯನ್ನು ನಾನು ಮಾಡಲಿಲ್ಲ, ಯಾರೂ ಮಾಡಬಾರದು. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಮುನ್ನೂರು ವೋಲ್ಟಿನಷ್ಟು ಉಳಿದಿರಬಹುದು. ಹೊರಗಿನಿಂದಲೇ ಮಾಡಬಹುದಾದದ್ದು ಸಾಕಷ್ಟಿದೆ. ಮೊದಲು ರೇಡಿಯೋವನ್ನು ಆ ಗೂಡಿನಿಂದ ತೆಗೆದು ಜಗುಲಿಯ ಇನ್ನೊಂದು ತುದಿಯ ಕಂಬದ ಬಳಿಗೆ ಒಯ್ದೆ. ಅರ್ಧದಷ್ಟು ಗದ್ದಲ ಅಲ್ಲೇ ಇಳಿಯಿತು. ರೇಡಿಯೋವನ್ನು ಅಡಾಪ್ಟರಿನಿಂದ ಬಿಡಿಸಿ ಸೆಲ್ಲಿಗೆ ಹಾಕಿದಾಗ ಇನ್ನಷ್ಟು ಇಳಿಯಿತು, ಏಕೆಂದರೆ ವೈರಿನಲ್ಲಿ ಬರುತ್ತಿದ್ದ ಪಾಲು ನಿಂತಿತು. ಆಯಿಗೆ ಈ ಎರಡನೆಯದು ಒಪ್ಪಿಗೆಯಾಗಲಿಲ್ಲ, ತಿಂಗಳಿಗೊಮ್ಮೆ ಸೆಲ್ ತರಿಸುವುದು ದಂಡ ಎಂದರು. ರೀಚಾರ್ಜ್ ಆಗುವ ಸೆಲ್ಲುಗಳನ್ನು ತಂದುಕೊಟ್ಟ ಮೇಲೆ ಆ ಮಾತು ನಿಂತಿತು.

ಅತಿ ದೊಡ್ಡ ಬದಲಾವಣೆ ತಂದದ್ದು ಅರ್ಥಿಂಗ್. ನಮ್ಮ ಟಿವಿಯ ವೈರಿಗೆ ಮೂರು ಪಿನ್ನುಗಳಿದ್ದವು, ಗೋಡೆಯ ಸಾಕೆಟ್ಟಿಗೂ ಮೂರು ತೂತುಗಳಿದ್ದವು, ಆದರೆ ಮೂರನೆಯ ತೂತಿನ ಹಿಂದೆ ವೈರೇ ಇರಲಿಲ್ಲ. ಹಳೆಯ ಮನೆಗಳಲ್ಲಿ ಇದು ಅಪರೂಪದ ಸಂಗತಿಯಲ್ಲ. ಟಿವಿಯ ಸೋಸುಕದಲ್ಲಿ ಎರಡು ಚಿಕ್ಕ ಕೆಪಾಸಿಟರುಗಳು ಗದ್ದಲವನ್ನು ಲೈನ್ ಮತ್ತು ನ್ಯೂಟ್ರಲ್‌ಗಳಿಂದ ಭೂಮಿಗೆ ಇಳಿಸಲೆಂದೇ ಇರುತ್ತವೆ. ಭೂಮಿಯ ಸಂಪರ್ಕವೇ ಇಲ್ಲದಿದ್ದಾಗ ಆ ಗದ್ದಲ ಟಿವಿಯ ಲೋಹದ ಬೆನ್ನಿಗೂ, ಅಲ್ಲಿಂದ ಡಿಶ್ಶಿನ ಕೇಬಲ್ಲಿಗೂ ಹತ್ತಿ ಮಾಡಿನ ತನಕ ಹೋಗುತ್ತದೆ. ಜೊತೆಗೆ ಆ ಲೋಹವು ಮನೆಯ ವೋಲ್ಟೇಜಿನ ಅರ್ಧದಷ್ಟರಲ್ಲಿ ತೇಲುತ್ತಿರುತ್ತದೆ. ಕೇಬಲ್ ಸಿಕ್ಕಿಸುವಾಗ ಬೆರಳು ಜುಮ್ ಎನ್ನುತ್ತಿದ್ದದ್ದಕ್ಕೂ, ಟೆಸ್ಟರ್ ಇಟ್ಟರೆ ಮಂಕಾಗಿ ಹೊತ್ತುತ್ತಿದ್ದದ್ದಕ್ಕೂ ಕಾರಣ ಇದೇ. ಊರಿನ ವೈರಿಂಗ್ ಕೆಲಸದವರನ್ನು ಕರೆಸಿ, ಬಚ್ಚಲಿನ ನೀರು ಹೋಗುವ ಬದಿಯಲ್ಲಿ ಗುಂಡಿ ತೆಗೆಸಿ, ಇದ್ದಿಲು ಉಪ್ಪು ತುಂಬಿ ಪೈಪ್ ಇಳಿಸಿ, ಅಲ್ಲಿಂದ ಹೊಸ ವೈರ್ ಎಳೆಸಿದೆವು. ನಮ್ಮದು ಚಿರೆಕಲ್ಲಿನ ನೆಲ. ಮಳೆಗಾಲದಲ್ಲಿ ತೊಯ್ದು ಮುದ್ದೆಯಾಗಿದ್ದರೂ ಏಪ್ರಿಲ್ ಹೊತ್ತಿಗೆ ಕಾದು ಒಣಗುತ್ತದೆ, ಒಣಗಿದ ನೆಲ ಕರೆಂಟನ್ನು ಒಲ್ಲೆ ಎನ್ನುತ್ತದೆ. ಆದ್ದರಿಂದಲೇ ಬಚ್ಚಲಿನ ಬದಿಯನ್ನು ಆರಿಸಿದ್ದು. ರೇಡಿಯೋಕ್ಕಾಗಿ ಮಾಡಿಸಿದ ಈ ಕೆಲಸ ನಿಜಕ್ಕೂ ಜೀವರಕ್ಷಣೆಗಾಗಿ ಹತ್ತು ವರ್ಷ ಮೊದಲೇ ಆಗಬೇಕಿತ್ತು.

ಉಳಿದ ಗದ್ದಲಕ್ಕೆ ಫೆರೈಟ್. ಹಳೆಯ ಕಂಪ್ಯೂಟರ್ ಮಾನಿಟರಿನ ಕೇಬಲ್ಲಿನಲ್ಲಿ ಗಂಟಿನಂತೆ ಕಾಣುವ ಕಪ್ಪು ಉರುಳೆ ಇರುತ್ತದಲ್ಲ, ಅದರೊಳಗಿರುವುದೇ ಫೆರೈಟ್ ಎಂಬ ಕಾಂತೀಯ ಪಿಂಗಾಣಿ. ವೈರು ಅದರ ಮೂಲಕ ಹಾದಾಗ 50 ಹರ್ಟ್ಸ್‌ನ ಕರೆಂಟಿಗೆ ತಡೆಯಿಲ್ಲ, ಮೇಲಿನ ಕಂಪನಗಳಿಗೆ ಮಾತ್ರ ತಡೆ. ಪೇಟೆಯಲ್ಲಿ ಸಿಗುವ ಕ್ಲಿಪ್ಪಿನಂತಹ ಫೆರೈಟನ್ನು ವೈರಿಗೆ ಒಂದು ಸಲ ಸಿಕ್ಕಿಸಿ ‘ಪ್ರಯೋಜನವಿಲ್ಲ’ ಎಂದು ಕೈಬಿಡುವವರು ಬಹಳ. ಅವರ ಅನುಭವ ಸುಳ್ಳಲ್ಲ, ಏಕೆಂದರೆ ಆ ಕ್ಲಿಪ್ಪುಗಳು ಹತ್ತಾರು ಮೆಗಾಹರ್ಟ್ಸ್‌ನ ಮೇಲೆ ಚುರುಕು, ಧಾರವಾಡ ಒಂದು ಮೆಗಾಹರ್ಟ್ಸ್‌ಗಿಂತ ಕೆಳಗೆ. ಆದರೆ ಸುತ್ತುಗಳ ಸಂಖ್ಯೆ ಹೆಚ್ಚಿದಂತೆ ತಡೆ ಅದರ ವರ್ಗದಷ್ಟು ಹೆಚ್ಚುತ್ತದೆ. ಒಂದು ಸುತ್ತಿನ ಬದಲು ಏಳು ಸುತ್ತು ಹಾಕಿದರೆ ತಡೆ ಸುಮಾರು 49 ಪಟ್ಟಾಗುತ್ತದೆ. ಹೀಗಾಗಿ ನಾನು ಅಗಲ ಬಾಯಿಯ, ಕೆಳಗಿನ ಕಂಪನಗಳಿಗೆ ಒಗ್ಗುವ ಮ್ಯಾಂಗನೀಸ್ ಸತುವಿನ ಫೆರೈಟ್ ಬಳೆಯೊಂದನ್ನು ತರಿಸಿ, ಟಿವಿಯ ವೈರನ್ನು ಎಲ್ಲಿಯೂ ಕತ್ತರಿಸದೆ ಕೆತ್ತದೆ, ಎಂಟು ಸುತ್ತು ಹಾಕಿ ಟಿವಿಯ ಬೆನ್ನಿಗೆ ಸಮೀಪದಲ್ಲಿ ಕಟ್ಟಿದೆ. ಸಾಕೆಟ್ಟಿನ ಬಳಿ ಕಟ್ಟಿದರೆ ಟಿವಿಯಿಂದ ಅಲ್ಲಿಯ ತನಕದ ವೈರು ಆಂಟೆನಾ ಆಗಿ ಉಳಿದುಬಿಡುತ್ತದೆ. ಡಿಶ್ ಕೇಬಲ್ಲಿಗೂ ಹಾಗೆಯೇ ಇನ್ನೊಂದು ಬಳೆ, ಅದರಲ್ಲಿ ಐದೇ ಸುತ್ತು. ದಪ್ಪ ಕೇಬಲ್ಲನ್ನು ಬಿಗಿಯಾಗಿ ಬಗ್ಗಿಸಿದರೆ ಒಳಗಿನ ತಂತಿ ನಜ್ಜುಗುಜ್ಜಾಗುತ್ತದೆ.

ಕೊನೆಯ ಉಪಾಯಕ್ಕೆ ಕಾಸಿನ ಖರ್ಚೂ ಇಲ್ಲ. ಮೀಡಿಯಂ ವೇವ್‌ಗಾಗಿ ರೇಡಿಯೋದೊಳಗೆ ಅದರ ಉದ್ದಕ್ಕೂ ಮಲಗಿರುವ ಫೆರೈಟ್ ಕಡ್ಡಿಯೇ ಆಂಟೆನಾ. ಎಳೆದು ಉದ್ದ ಮಾಡುವ ಉಕ್ಕಿನ ಕಡ್ಡಿಗೂ ಮೀಡಿಯಂ ವೇವ್‌ಗೂ ಸಂಬಂಧವಿಲ್ಲ. ಒಳಗಿನ ಕಡ್ಡಿ ತನ್ನ ಪಕ್ಕೆಗೆ ಬಂದ ತರಂಗವನ್ನು ಚೆನ್ನಾಗಿ ಹಿಡಿಯುತ್ತದೆ, ತನ್ನ ತುದಿಯ ದಿಕ್ಕಿನಿಂದ ಬಂದದ್ದನ್ನು ಬಹುತೇಕ ಹಿಡಿಯುವುದೇ ಇಲ್ಲ. ಧಾರವಾಡ ನಮಗೆ ಹೆಚ್ಚುಕಡಿಮೆ ನೇರ ಉತ್ತರಕ್ಕಿದೆ, ತುಸು ಪೂರ್ವಕ್ಕೆ ವಾಲಿ. ಆದ್ದರಿಂದ ರೇಡಿಯೋದ ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇದ್ದು, ಕಡ್ಡಿ ಪೂರ್ವ ಪಶ್ಚಿಮವಾಗಿ ಮಲಗಿದ್ದರೆ ಧಾರವಾಡ ಗಟ್ಟಿಯಾಗಿ ಬರಬೇಕು, ಮತ್ತು ಪೂರ್ವ ಪಶ್ಚಿಮಗಳಿಂದ ಬರುವ ಗದ್ದಲ ಕುಗ್ಗಬೇಕು. ಕಂಬದ ಬಳಿಯ ಹೊಸ ಜಾಗದಿಂದ ಟಿವಿ ಇರುವುದು ಪಶ್ಚಿಮಕ್ಕೆ. ಲೆಕ್ಕ ಸರಿಯಾಗಿಯೇ ಕೂಡಿಬಂತು, ಆದರೂ ಮನೆಯ ವೈರುಗಳು ಗೋಡೆಯಲ್ಲಿ ಹೇಗೆ ಹೇಗೋ ಓಡಿರುವುದರಿಂದ ಕೊನೆಯ ಹೊಂದಿಕೆಯನ್ನು ಕಿವಿಯಿಂದಲೇ ಮಾಡಬೇಕಾಯಿತು. ಆಯಿ ಮಣೆಯ ಮೇಲೆ ರೇಡಿಯೋ ಇಟ್ಟುಕೊಂಡು ನಿಧಾನವಾಗಿ ತಿರುಗಿಸುತ್ತಾ ಹೋದರು, ಒಂದು ಕಡೆ ಗೊರಗೊರ ತಟ್ಟನೆ ತಗ್ಗಿತು. ಅಲ್ಲಿ ಮಣೆಯ ಮೇಲೆ ಸುಣ್ಣದಿಂದ ಗೆರೆ ಎಳೆದಿದ್ದೇವೆ.

ಇಷ್ಟರಲ್ಲಿ ಇದೇ ತೊಂದರೆಯ ಇನ್ನೊಂದು ಮಗ್ಗುಲೂ ಕಣ್ಣಿಗೆ ಬಿತ್ತು. ನಮ್ಮ ರಿಮೋಟ್ ಸಂಜೆ ದೀಪ ಹಾಕಿದ ಹೊತ್ತಿನಲ್ಲಿ ಮಾತ್ರ ಕೈಕೊಡುತ್ತಿತ್ತು. ಸೆಲ್ ಬದಲಿಸಿದರೂ ಅಷ್ಟೇ. ಒಂದೆರಡು ನಿಮಿಷ ಕಳೆದರೆ ತಾನಾಗಿ ಸರಿಹೋಗುತ್ತಿತ್ತು. ಟಿವಿಯ ಎದುರಿನ ಗೋಡೆಯಲ್ಲಿ ಹಳೆಯದೊಂದು ಸಿಎಫ್‌ಎಲ್ ಇತ್ತು, ಗುಟ್ಟು ಅದರಲ್ಲಿತ್ತು. ಸಿಎಫ್‌ಎಲ್ ತಣ್ಣಗಿರುವಾಗ ಅದರೊಳಗಿನ ಪಾದರಸ ಇನ್ನೂ ಆವಿಯಾಗಿರುವುದಿಲ್ಲ. ಆ ಮೊದಲ ನಿಮಿಷಗಳಲ್ಲಿ ಜೊತೆಗಿರುವ ಆರ್ಗಾನ್ ಅನಿಲದ ಪಾಲು ಹೆಚ್ಚು, ಮತ್ತು ಆರ್ಗಾನ್ 900 ನ್ಯಾನೋಮೀಟರಿನ ಆಸುಪಾಸಿನಲ್ಲಿ, ಅಂದರೆ ರಿಮೋಟಿನ ಬಣ್ಣದ ನೆರೆಯಲ್ಲಿಯೇ, ಬೆಳಗುತ್ತದೆ. ಅದರ ಜೊತೆಗೆ ಆ ದೀಪದ ಎಲೆಕ್ಟ್ರಾನಿಕ್ ಚೋಕ್ ಬೆಳಕನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಣುಕಿಸುತ್ತದೆ, ಅದೂ 38 ಕಿಲೋಹರ್ಟ್ಸ್‌ಗೆ ಸಮೀಪದಲ್ಲೇ. ಟಿವಿಯ ಕಣ್ಣು ಸದಾ ಬರುತ್ತಿರುವ ಇಂತಹ ಮಿಣುಕನ್ನು ಗದ್ದಲವೆಂದು ಬಗೆದು ತನ್ನ ಸೂಕ್ಷ್ಮತೆಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ರಿಮೋಟಿನ ಸಣ್ಣ ಕೂಗು ಆಗ ಅದಕ್ಕೆ ಕೇಳುವುದಿಲ್ಲ. ದೀಪವನ್ನು ಬದಲಿಸಿದೆವು, ತೊಂದರೆ ಹೋಯಿತು. ಇಲ್ಲಿಯೂ ರಿಮೋಟಿನ ತಪ್ಪೇನೂ ಇರಲಿಲ್ಲ.

ಇದೇ ಕಾಯಿಲೆಯ ಹಿರಿಯಜ್ಜನೊಂದು ಚರಿತ್ರೆಯಲ್ಲಿದೆ. ಅಮೆರಿಕದ ಜೆನಿತ್ ಕಂಪನಿಗಾಗಿ ಯೂಜೀನ್ ಪಾಲಿ 1955ರಲ್ಲಿ ರೂಪಿಸಿದ ಫ್ಲ್ಯಾಶ್‌ಮ್ಯಾಟಿಕ್ ಎಂಬ ರಿಮೋಟ್ ಬೆಳಕಿನ ಕಿರಣವನ್ನೇ ಬಳಸುತ್ತಿತ್ತು; ಟಿವಿಯ ನಾಲ್ಕು ಮೂಲೆಗಳಲ್ಲಿ ಬೆಳಕಿನ ಕಣ್ಣುಗಳಿದ್ದು, ಯಾವ ಮೂಲೆಗೆ ಬೆಳಕು ಬಿಟ್ಟರೆ ಯಾವ ಕೆಲಸ ಎಂದು ಗೊತ್ತಾಗಿತ್ತು. ಆದರೆ ಕಿಟಕಿಯ ಬಿಸಿಲು ಬಿದ್ದರೂ ಆ ಕಣ್ಣುಗಳು ಮೋಸಹೋಗುತ್ತಿದ್ದವು. ಮರುವರ್ಷವೇ ರಾಬರ್ಟ್ ಆಡ್ಲರ್ ಅಲ್ಯೂಮಿನಿಯಂ ಕಡ್ಡಿಗಳನ್ನು ಬಡಿದು ಕಿವಿಗೆ ಕೇಳದ ಸ್ವರ ಹೊರಡಿಸುವ ರಿಮೋಟನ್ನು ತಂದರು, ಅದರಲ್ಲಿ ಸೆಲ್ ಕೂಡ ಬೇಕಿರಲಿಲ್ಲ. ರೇಡಿಯೋ ತರಂಗವನ್ನು ಬಳಸುವ ಯೋಚನೆ ಆಗಲೇ ಬಂದಿದ್ದರೂ, ತರಂಗ ಗೋಡೆ ದಾಟಿ ನೆರೆಮನೆಯ ಟಿವಿಯನ್ನೂ ತಿರುಗಿಸಿಬಿಡುತ್ತದೆ ಎಂಬ ಕಾರಣಕ್ಕೆ ಅದನ್ನು ಕೈಬಿಟ್ಟರು. ಕಾರವಾರದ ನನ್ನ ಬಾಡಿಗೆ ಮನೆಯಲ್ಲಿ ಪಶ್ಚಿಮದ ಕಿಟಕಿಯಿಂದ ಸಮುದ್ರ ಕಾಣುತ್ತದೆ. ಸೂರ್ಯ ಇಳಿಯುವ ಹೊತ್ತಿನಲ್ಲಿ ಬಿಸಿಲು ನೇರವಾಗಿ ಟಿವಿಯ ಮುಖಕ್ಕೆ ಬಿದ್ದು ಅರ್ಧ ಗಂಟೆ ರಿಮೋಟ್ ಹತ್ತಿರ ಹೋಗದೆ ಕೆಲಸ ಮಾಡುತ್ತಿರಲಿಲ್ಲ. 38 ಕಿಲೋಹರ್ಟ್ಸ್‌ನ ಗುರುತು ಇದ್ದರೂ, ಅಷ್ಟು ಬಿಸಿಲಿನಲ್ಲಿ ಕಣ್ಣಿನ ಡಯೋಡ್ ತುಂಬಿಹೋಗಿ ಮಿಣುಕಿಗೆ ಜಾಗವೇ ಉಳಿಯುವುದಿಲ್ಲ. ಒಂದು ಪರದೆ ಸಾಕಾಯಿತು.

ಅದೇ ಮನೆಯಲ್ಲಿ, ಟಿವಿಯ ಬೆನ್ನಿಗೆ ಸಿಕ್ಕಿಸುವ ಇಂಟರ್ನೆಟ್ ಕಡ್ಡಿಯೊಂದಿದೆ. ಅದರ ರಿಮೋಟ್ ಬ್ಲೂಟೂತ್, ಅಂದರೆ ನಿಜವಾದ ರೇಡಿಯೋ, 2.4 ಗಿಗಾಹರ್ಟ್ಸ್‌ನದು. ವೈಫೈ ಕೂಡ ಅದೇ ಓಣಿಯಲ್ಲಿ ಓಡಾಡುತ್ತದೆ, ಮೈಕ್ರೋವೇವ್ ಒಲೆಯೂ ಅಲ್ಲೇ. ಗುಂಡಿ ಒತ್ತಿ ಎರಡು ಮೂರು ಕ್ಷಣ ಬಿಟ್ಟು ಕೆಲಸವಾಗುತ್ತಿದ್ದಾಗ ನೋಡಿದರೆ, ವೈಫೈ ರೂಟರ್ ಟಿವಿಯ ಹಿಂದೆ ಗೇಣು ದೂರದಲ್ಲಿತ್ತು, ಟಿವಿಯ ಯುಎಸ್‌ಬಿಗೆ ಹಾರ್ಡ್‌ಡಿಸ್ಕ್ ಸಿಕ್ಕಿಸಿತ್ತು, ಕಡ್ಡಿ ಟಿವಿಯ ಲೋಹದ ಬೆನ್ನಿಗೆ ಒತ್ತಿಕೊಂಡಿತ್ತು. ಯುಎಸ್‌ಬಿ 3ರ ವೇಗದ ಕೇಬಲ್ಲುಗಳು 2.4 ಗಿಗಾಹರ್ಟ್ಸ್‌ನ ಸುತ್ತ ಗದ್ದಲ ಚೆಲ್ಲುವುದು ತಿಳಿದ ವಿಷಯ. ರೂಟರನ್ನು ಎರಡು ಮೀಟರ್ ಆಚೆ ಸರಿಸಿ, ಹಾರ್ಡ್‌ಡಿಸ್ಕ್ ಬಿಡಿಸಿ, ಕಡ್ಡಿಯ ಜೊತೆಗೇ ಬಂದು ಡಬ್ಬಿಯಲ್ಲಿ ಉಳಿದಿದ್ದ ಗೇಣುದ್ದದ ಎಚ್‌ಡಿಎಂಐ ಕೇಬಲ್ಲಿನಿಂದ ಕಡ್ಡಿಯನ್ನು ಟಿವಿಯ ಅಂಚಿನ ಹೊರಗೆ ಇಳಿಬಿಟ್ಟೆ. ರೂಟರಿನ ವೈಫೈಯನ್ನು 1, 6, 11ನೇ ಚಾನೆಲ್‌ಗಳಲ್ಲಿ ಒಂದಕ್ಕೆ ಕಟ್ಟಿಹಾಕಿದೆ, ಏಕೆಂದರೆ ಬ್ಲೂಟೂತ್ ಸಾಧನಗಳು ಒಂದನ್ನೊಂದು ಕರೆಯುವ ಚಾನೆಲ್‌ಗಳು ಆ ಮೂರರ ಸಂದಿನಲ್ಲೂ ಹೊರ ಅಂಚುಗಳಲ್ಲೂ ಇವೆ. ಗುಂಡಿ ಒತ್ತಿದೊಡನೆ ಕೆಲಸವಾಗತೊಡಗಿತು.

ಊರಿನಲ್ಲಿ ಇವೆಲ್ಲ ಮುಗಿದ ಮೇಲೆ ಧಾರವಾಡದ ಹಿಂದೆ ಒಂದೇ ಸದ್ದು ಉಳಿದಿತ್ತು, ಸೆಕೆಂಡಿಗೊಮ್ಮೆ ‘ಟಿಕ್’. ಮೇನ್ ಇಳಿಸಿದರೂ ಅದು ನಿಲ್ಲುತ್ತಿರಲಿಲ್ಲ. ಮಂಗ ಮತ್ತು ಹಂದಿಗಳಿಗಾಗಿ ತೋಟದ ಸುತ್ತ ಹಾಕಿರುವ ಸೋಲಾರ್ ಬೇಲಿಯ ಮಿಡಿತ ಅದು. ಬೇಲಿ ಸರಿಯಾಗಿದ್ದರೆ ಅದರ ಸದ್ದು ಸಣ್ಣದು. ತಂತಿಗೆ ಹಸಿ ಬಳ್ಳಿ ತಾಗಿಯೋ, ಇನ್ಸುಲೇಟರ್ ಸೀಳಿಯೋ ಕಿಡಿ ಹಾರುತ್ತಿದ್ದರೆ ಅದು ದೊಡ್ಡದಾಗುತ್ತದೆ. ಒಂದು ರಾತ್ರಿ ಅಣ್ಣ ಬ್ಯಾಟರಿ ಹಿಡಿದ, ನಾನು ರೇಡಿಯೋ ಹಿಡಿದೆ. ಯಾವ ನಿಲಯವೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿಕೊಂಡು ಬೇಲಿಯ ಗುಂಟ ನಡೆದೆವು. ಹಳ್ಳದ ಬದಿಯ ಮೂಲೆಗೆ ಬರುತ್ತಿದ್ದಂತೆ ‘ಟಿಕ್’ ಎಂಬುದು ‘ಟಪ್’ ಆಯಿತು. ಬ್ಯಾಟರಿ ಆರಿಸಿ ನಿಂತಾಗ ಕಂಬದ ಮೇಲಿನ ಸೀಳಿದ ಇನ್ಸುಲೇಟರಿನಲ್ಲಿ ಸೆಕೆಂಡಿಗೊಮ್ಮೆ ನೀಲಿ ಕಿಡಿ ಕಾಣಿಸಿತು. ಮರುದಿನ ಅದನ್ನು ಬದಲಿಸಿ, ತಂತಿಗೆ ಹಬ್ಬಿದ್ದ ಬಳ್ಳಿ ಸವರಿದೆವು. ಆ ರಾತ್ರಿ ಒಳಜಗುಲಿಯಲ್ಲಿ ಟಿವಿ ನಡೆಯುತ್ತಿತ್ತು, ಕೂಸು ರಿಮೋಟ್ ಒತ್ತುತ್ತಲೇ ಇದ್ದಳು, ಜಗುಲಿಯಲ್ಲಿ ಆಯಿ ತಲೆ ಎತ್ತದೆ ಅಡಿಕೆ ಸುಲಿಯುತ್ತಿದ್ದರು.